ಎಂಟು ಮೂಲೆಯ ಹಲಗೆ

ಅಜ್ಮಾನಿನಲ್ಲಿ ಬೆಳಿಗ್ಗೆ ಆರೂ ಹತ್ತಕ್ಕೆ
ಸ್ಕೂಲ್ ಬಸ್ಸಿನ ಪಕ್ಕೆಯಿಂದ
ಕೆಂಪು ಹಲಗೆಯೊಂದು ಕೈಯಂತೆ ಚಾಚುತ್ತದೆ.
ಗುಂಡಿ ಒತ್ತುವವನು ಶೇರ್ ಆಲಂ,
ಇಳಿದು ರಸ್ತೆಗೆ ಅಡ್ಡವಾಗುವವಳು ನಾನು.
ಬಿಳಿ ಲ್ಯಾಂಡ್‌ಕ್ರೂಸರು, ನೀರಿನ ಟ್ಯಾಂಕರು,
ಖುಬ್ಬೂಸ್ ಹೊತ್ತ ಸೈಕಲ್ಲು ಕೂಡ
ನಿಲ್ಲುತ್ತವೆ.
ಗಂಗೊಳ್ಳಿಯಲ್ಲಿ ನನ್ನ ಮಾತಿಗೆ
ಕೋಳಿಯೂ ನಿಂತದ್ದಿಲ್ಲ.

ಹಲಗೆಯ ಮೇಲೆ ಎರಡೇ ಅಕ್ಷರ, ಕಿಫ್.
ಕಾಫಿಗೆ ಎರಡು ಚುಕ್ಕಿ, ಫಾಗೆ ಒಂದು.
ಮೊದಲ ವರ್ಷ ನಾನದನ್ನು ಚಿತ್ರವೆಂದೇ ತಿಳಿದಿದ್ದೆ:
ಬಾಲ ಚಾಚಿ ಮಲಗಿದ ಬೆಕ್ಕು,
ಮೇಲೆ ಮೂರು ನೊಣ.

ಶೇರ್ ಆಲಂ ಹಜ್ ಮಾಡಿ ಬಂದವನು. ಹೇಳಿದ:
ಅರಫಾತಿನ ಬಯಲಲ್ಲಿ ಹೊತ್ತು ಮುಳುಗುವ ತನಕ
ನಿಂತೆವಲ್ಲ, ಅದರ ಹೆಸರೂ ಇದೇ ಬೇರಿನದು.
ಯಾರೂ ತಡೆದದ್ದಲ್ಲ ಬೆಹನ್, ನಾವೇ ನಿಂತದ್ದು.
ನಮ್ಮಲ್ಲೂ ಹಾಗೇ, ಅಂದೆ.
ನಿಲ್ಲು ಅಂದರೆ ಓಡಬೇಡ,
ನಿಲ್ಲು ಅಂದರೆ ಕಾಲ ಮೇಲೆ ಏಳು.
ಅದರಿಂದಲೇ ನಿಲುವು, ಅದರಿಂದಲೇ ನೆಲೆ.
ನೆಲವೂ ಅದರ ಮಗುವೋ ಏನೋ,
ನಾನು ಓದಿದ್ದು ಏಳನೇ ಇಯತ್ತೆ.
ಅವನ ಪಶ್ತೋದಲ್ಲಿ ವದ್ರೇಗ.
ಮೆಟ್ಟಿಲಲ್ಲಿ ನೂಕಾಡುವ ಮಕ್ಕಳಿಗೆ
ಅವನು ಅದನ್ನು ಹೇಳುವ ರೀತಿಗೆ
ಬೂಟಿನ ಲೇಸೂ ಅಲ್ಲಾಡುತ್ತಿರಲಿಲ್ಲ.

ನನ್ನ ಗಂಡ ವಾಸುದೇವ ಖಾರ್ವಿಗೆ
ರಾವ್ ಅಂದರೆ ನಿಲ್ಲು,
ಖಂಯ್ ರಾವ್ತಾ ಅಂದರೆ ಎಲ್ಲಿ ಮನೆ.
ವೀಸಾ ಎರಡು ವರ್ಷಕ್ಕೊಮ್ಮೆ
ಎರಡನ್ನೂ ಒಟ್ಟಿಗೆ ಕೇಳುತ್ತದೆ.

ಇಂಗ್ಲಿಷಿನ ಮಿಸ್ ಲೊರೆಟ್ಟಾ ಹೇಳಿದ್ದು ಬೇರೆ:
ಸ್ಟಾಪ್ ಅಂದರೆ ಹುಟ್ಟಾ ನಿಲ್ಲಿಸುವುದಲ್ಲವಂತೆ,
ನಾರು ತುರುಕಿ ತೂತು ಮುಚ್ಚುವುದಂತೆ.
ಆ ಸಂಜೆ ದೋಣಿ ಕಟ್ಟುವಲ್ಲಿಗೆ ಹೋದೆ.
ಹಲಗೆ ಹಲಗೆಯ ಸಂದಿಗೆ
ಎಣ್ಣೆಹತ್ತಿಯ ಎಳೆ ಇಟ್ಟು
ಉಳಿಯಿಂದ ತಟ್ಟುತ್ತಿದ್ದ ಗಂಡ.
ನಿನ್ನ ಕೆಲಸದ ಹೊಟ್ಟೆಯಲ್ಲಿ ಹುಟ್ಟಿದ್ದು ನನ್ನ ಕೆಲಸ, ಅಂದೆ.
ತಲೆ ಎತ್ತದೆ ಅಂದ:
ಈಗ ಮಾತಾಡಿಸಬೇಡ, ಒಂದು ಪೆಟ್ಟು ತಪ್ಪಿದರೆ ನೀರು ಬರುತ್ತದೆ.

ಜೂನಿನ ಕೊನೆಯ ಗುರುವಾರ
ಎಂಜಿನ್ ಆರಿಸಿ ಶೇರ್ ಆಲಂ ಖಲಾಸ್ ಅಂದ.
ಅರವತ್ತಾಗಿತ್ತು, ಕಾರ್ಡು ನವೀಕರಿಸಲಿಲ್ಲ.
ಎಂಜಿನ್ ಆರಿದ ಮೇಲೂ ಬಸ್ಸು ಕೂಗುತ್ತದೆ,
ಯಾರಾದರೂ ಹಿಂದಿನವರೆಗೆ ನಡೆದು
ಕೊನೆಯ ಸೀಟಿನ ಗುಂಡಿ ಒತ್ತುವ ತನಕ.
ನಿದ್ದೆ ಹೋದ ಮಗು ಉಳಿದೀತೆಂದು.
ನಡೆದೆ. ಸೀಟಿನಡಿ ಬಗ್ಗಿ ಬಗ್ಗಿ ನೋಡಿದೆ.
ಒಂದು ಕಾಲುಚೀಲ, ಅರ್ಧ ತಿಂದ ಖರ್ಜೂರದ ಬಿಸ್ಕತ್ತು.
ಗುಂಡಿ ಒತ್ತಿದೆ. ಆಮೇಲಿನ ಮೌನಕ್ಕೆ
ನನ್ನಲ್ಲಿ ಮಾತಿರಲಿಲ್ಲ.
ಖಲಾಸ್ ಅಂದರೆ ಮುಗಿದದ್ದು ಅಂತಿದ್ದೆ ನಾನು.
ಬಿಡುಗಡೆ, ಅಂದ ಅವನು, ಸೀಟಿನ ಮೇಲಿನ
ಮಣಿಚಾಪೆ ಸುತ್ತಿಕೊಳ್ಳುತ್ತ.
ನನ್ನ ಭಾಷೆಯಲ್ಲಿ ಸಾಕು ಅನ್ನಬಹುದಿತ್ತು:
ತಟ್ಟೆಗೆ ಅಡ್ಡ ಕೈ ಹಿಡಿದು ಅನ್ನುವುದೂ ಅದೇ,
ಎದೆಗೊತ್ತಿ ಬೆಳೆಸುವುದೂ ಅದೇ.
ಇಪ್ಪತ್ತೆರಡು ವರ್ಷ ರಸ್ತೆಗಳನ್ನು ನಿಲ್ಲಿಸಿ ನಿಲ್ಲಿಸಿ
ಯಾರಾರದೋ ಮಕ್ಕಳನ್ನು ಸಾಕಿದವನಿಗೆ
ಇದನ್ನು ಹಿಂದಿಯಲ್ಲಿ ಹೇಗೆ ಹೇಳುವುದು?
ಕೈ ಮುಗಿದೆ.
ಮುಗಿಯುವುದಕ್ಕೂ ಅದೇ ಮಾತು,
ಅದು ಹೊಳೆದದ್ದು ಮನೆಗೆ ಬಂದು ಅಕ್ಕಿ ತೊಳೆವಾಗ.

ರಜೆ ಕಳೆದು ಹೊಸ ಡ್ರೈವರು, ಹುಡುಗ.
ಹಲಗೆ ತೆರೆಯಲು ತಡ ಮಾಡಿದ.
ನಾನಾಗಲೇ ರಸ್ತೆಯ ನಡುವೆ,
ಬೆನ್ನ ಹಿಂದೆ ಒಂದನೇ ತರಗತಿಯ ಐವರು.
ಟ್ಯಾಂಕರು ಬರುತ್ತಿತ್ತು.
ಕೈ ಎತ್ತಿದೆ.
ಬಾಯಿಂದ ಬಂದದ್ದು ಕನ್ನಡವಲ್ಲ, ಕೊಂಕಣಿಯಲ್ಲ.
ವದ್ರೇಗ.
ಟ್ಯಾಂಕರಿನವನು ಬ್ರೇಕು ತುಳಿದು
ಕಿಟಕಿಯಿಂದ ತಲೆ ಹೊರಹಾಕಿ
ಯಾವ ಊರಿನವಳು ನೀನು, ಎಂದು
ಪಶ್ತೋದಲ್ಲೇ ಕೇಳಿದನಿರಬೇಕು.