ಹತ್ತಕ್ಕೆ ಎಷ್ಟು ಬಿಡುತ್ತೀರಿ

ವಿಕ್ರೋಳಿ, ಕನ್ನಮ್‌ವಾರ್ ನಗರ, ತೊಂಬತ್ತಾರನೇ ಕಟ್ಟಡ.
ಲಿಫ್ಟು ಇಲ್ಲ. ಮೂರನೇ ಮಹಡಿ ಹತ್ತುವಷ್ಟರಲ್ಲಿ
ನನ್ನ ನಮೂನೆಯ ಮೊದಲ ಪ್ರಶ್ನೆಗೆ
ಅರ್ಧ ಉತ್ತರ ಸಿಕ್ಕಿಹೋಗಿತ್ತು.

ತ್ಯಾಂಪಣ್ಣ ಕುಂದರ್, ಅರವತ್ತೆಂಟು.
ರಕ್ತದ ಕಾಯಿಲೆ. ಸದ್ಯಕ್ಕೆ ತಿಂಗಳಿಗೆರಡು ಬಾಟಲಿ
ಯಾರದೋ ರಕ್ತದಲ್ಲಿ ನಡೆಯುತ್ತಿದೆ.
ಹೊಸ ಮಾತ್ರೆಯೊಂದು ಬಂದಿದೆ;
ಅದರ ದುಡ್ಡು ಸರಕಾರ ಕೊಡಬೇಕೇ ಬೇಡವೇ
ಎಂದು ಒಂದು ಸಮಿತಿ ಕೂತಿದೆ.
ಸಮಿತಿಗೆ ಅಂಕಿ ಬೇಕು. ಅಂಕಿ ಹೊತ್ತು ತರುವವಳು ನಾನು,
ಮನೆಯೊಂದಕ್ಕೆ ಇನ್ನೂರೈವತ್ತು, ರಿಕ್ಷಾ ಖರ್ಚು ಬೇರೆ.

ನಡೆಯಲು ಕಷ್ಟವೇ? ಸ್ವಲ್ಪ.
ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳಲು? ಇಲ್ಲ.
ನೋವು?
"ಯಾವುದರದ್ದು?" ಎಂದರು.
ಅದಕ್ಕೆ ನಮೂನೆಯಲ್ಲಿ ಚೌಕ ಇರಲಿಲ್ಲ.
ಯಮುನಕ್ಕ ಚಹಾ ತಂದಿಟ್ಟು, ಒಳಗೆ ಹೋಗದೆ
ಬಾಗಿಲಿಗೊರಗಿ ನಿಂತರು.

ಆಮೇಲೆ ಆ ಪ್ರಶ್ನೆ.
ತರಬೇತಿಯಲ್ಲಿ ಹೇಳಿದ್ದರು: ಮುಖ ನೋಡಬೇಡಿ,
ಕಾಗದ ನೋಡಿ ಓದಿ, ದನಿ ಏರಬಾರದು, ಇಳಿಯಬಾರದು.
ಓದಿದೆ:
ಈಗಿರುವ ಸ್ಥಿತಿಯಲ್ಲೇ ಹತ್ತು ವರ್ಷ ಇರುತ್ತೀರಿ ಎಂದುಕೊಳ್ಳಿ.
ಪೂರ್ತಿ ಆರೋಗ್ಯ ಸಿಗುವುದಾದರೆ
ಅದರಲ್ಲಿ ಎಷ್ಟು ವರ್ಷ ಬಿಟ್ಟುಕೊಡುತ್ತೀರಿ?

ತ್ಯಾಂಪಣ್ಣ ನಕ್ಕರು.
ಬಲ್ಲಾರ್ಡ್ ಪಿಯರಿನ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ
ಗಲ್ಲಾದ ಹಿಂದೆ ಕೂತ ನಗು;
ಹರಿದ ನೋಟು ಮಡಚಿ ಕೊಟ್ಟವನನ್ನು ನೋಡಿ ನಗುವಂಥದ್ದು.
"ಎಂತ ಮಾರಾಯ್ತಿ, ಚೌಕಾಸಿಯಾ?"
ಅಲ್ಲ, ಲೆಕ್ಕ.
"ಲೆಕ್ಕ ಆದ್ರೆ ಪೂರ್ತಿ ಹೇಳಿ."

ಹೇಳಬಾರದಿತ್ತು, ಹೇಳಿದೆ.
ಮೂರು ಬಿಟ್ಟರೆ ಉಳಿದದ್ದು ಏಳು. ಅಂದರೆ ನಿಮ್ಮ ಒಂದು ವರ್ಷ
ನಮ್ಮ ಹಾಳೆಯಲ್ಲಿ ಹತ್ತರಲ್ಲಿ ಏಳು ಪಾಲು.
ಮಾತ್ರೆ ಅದನ್ನು ಒಂಬತ್ತಕ್ಕೆ ಏರಿಸಿದರೆ
ಏರಿದ ಎರಡಕ್ಕೆ ಎಷ್ಟು ರೂಪಾಯಿ ಬಿತ್ತು ಎಂದು ನೋಡುತ್ತಾರೆ.
ಗೆರೆಯ ಕೆಳಗಿದ್ದರೆ ಪಾಸು.
ಮುಂದಿನ ವರ್ಷಗಳಿಗೆ ಶೇಕಡಾ ಮೂರು ಕಡಿತ.

"ಕಡಿತ ಯಾಕೆ?"
ನಾಳೆಯದಕ್ಕೆ ಇವತ್ತಿನದರಷ್ಟು ಬೆಲೆ ಇಲ್ಲವಂತೆ.
ಅವರು ಕಣ್ಣು ಮುಚ್ಚಿದರು, ಹೆಬ್ಬೆರಳು
ಗೆಣ್ಣಿನಿಂದ ಗೆಣ್ಣಿಗೆ ಓಡಿತು.
"ಹತ್ತನೇ ವರ್ಷಕ್ಕೆ ರೂಪಾಯಿಗೆ ಎಪ್ಪತ್ತನಾಲ್ಕು ಪೈಸೆ."
ಸರಿಯಾಗಿತ್ತು. ನನಗೆ ಅದಕ್ಕೆ ಲ್ಯಾಪ್‌ಟಾಪ್ ಬೇಕು.

"ತಪ್ಪು ಹೇಳುದಿಲ್ಲ ನಾನು. ನಲವತ್ತು ಪ್ಲೇಟು ಅನ್ನ,
ಅರವತ್ತು ಜನ ಕ್ಯೂ. ಯಾರಾದ್ರೂ ಎಣಿಸಲೇಬೇಕು.
ನಾನೇ ಎಣಿಸಿದ್ದೇನೆ, ಎಷ್ಟೋ ಮಧ್ಯಾಹ್ನ.
ಆದ್ರೆ ನಾನು ಅಲ್ಲೇ ಕೂತಿರ್ತಿದ್ದೆ.
ಸಿಗದವ ನನ್ನ ಮುಖಕ್ಕೇ ಬೈದು ಹೋಗ್ತಿದ್ದ."

ಮತ್ತೆ ಬೆರಳು ಮಡಚಿದರು. ಈ ಸಲ ನಿಧಾನ.
"ನೋಡಿ, ಒಂದೂ ವರ್ಷ ಬಿಡುದಿಲ್ಲ ಅಂದ್ರೆ
ನಾನು ಸೌಖ್ಯ ಉಂಟು ಅಂತ ಆಯ್ತು, ಮಾತ್ರೆ ಇಲ್ಲ.
ತುಂಬ ಬಿಟ್ರೆ..."
ಅಲ್ಲಿಗೆ ನಿಂತಿತು.
ಬಾಗಿಲ ಕಡೆ ನೋಡಲಿಲ್ಲ ಅವರು;
ನೋಡದೆ ಇರುವುದಕ್ಕೆ ಎಷ್ಟು ಕಷ್ಟಪಟ್ಟರು ಎಂಬುದು ಮಾತ್ರ
ನನಗೆ ಕಂಡಿತು, ನಾನು ಮುಖ ನೋಡುತ್ತಿದ್ದೆ.

ಯಮುನಕ್ಕ ಖಾಲಿ ಲೋಟಗಳನ್ನು ಎತ್ತಿಕೊಂಡರು.
ನನ್ನದರಲ್ಲಿ ಇನ್ನೂ ಚಹಾ ಇತ್ತು.
ಒಳಗೆ ಹೋದರು. ನಲ್ಲಿ ತಿರುಗಿತು,
ನಾಲ್ಕರಿಂದ ಐದರವರೆಗೆ ಮಾತ್ರ ಬರುವ ನೀರು
ಪ್ಲಾಸ್ಟಿಕ್ ಬಕೀಟಿನ ತಳಕ್ಕೆ ಜೋರಾಗಿ ಬಿತ್ತು,
ಬಕೀಟು ತುಂಬಿತು, ಹೊರಚೆಲ್ಲಿತು,
ನಿಲ್ಲಿಸಲಿಲ್ಲ.

ತ್ಯಾಂಪಣ್ಣ ಒಂದು ಸಂಖ್ಯೆ ಹೇಳಿದರು.
ಬರೆದುಕೊಂಡೆ.
ಆಮೇಲೂ ಸ್ವಲ್ಪ ಹೊತ್ತು ನೀರು ಹೋಗುತ್ತಲೇ ಇತ್ತು.

ನಾನೂರ ಹನ್ನೆರಡು ನಮೂನೆಗಳ ಕಟ್ಟು ಅದು, ಸರಾಸರಿ ತೆಗೆದರು.
ಸಮಿತಿ ಏನೆಂದಿತೋ, ನಮ್ಮವರೆಗೆ ಬರುವುದಿಲ್ಲ.
ಟಿಪ್ಪಣಿಯ ಖಾಲಿ ಜಾಗದಲ್ಲಿ ನಾನು ಬರೆದಿದ್ದೆ:
ಉತ್ತರ ಹೇಳುವಾಗ ಒಳಗೆ ನಲ್ಲಿ ಬಿಟ್ಟಿತ್ತು.
ಮೇಲಿನವರು ಕರೆದು ಕೇಳಿದರು, ಇದೇಕೆ,
ಆ ಸದ್ದಿನಲ್ಲಿ ಉತ್ತರ ಸರಿಯಾಗಿ ಕೇಳಿಸಲಿಲ್ಲವೇ?
ನನಗೆ ಕೇಳಿಸಿತು, ಎಂದೆ.