ಎರಡು ಬೆರಳು ಸಂದು

ಹಿತ್ತಿಲ ಕಡೆ ಒಂದು ರೂಮು, ಅದಕ್ಕಂಟಿ ಬಚ್ಚಲು.
ಇಷ್ಟೇ ನಾವು ಬರೆಸಿದ್ದು.
ಸುಣ್ಣದ ಗೆರೆ ಎಳೆದು ಮೂರಡಿ ಅಗೆದರೆ
ಗುತ್ತಲಿನ ಮಣ್ಣು
ಅರ್ಧ ಬೆಂದ ಮುದ್ದೆಯಂತೆ ಸಲಿಕೆಗಂಟಿ ಮೇಲೆ ಬಂತು.

"ನಾಲೇಲಿ ನೀರ್ ಬುಟ್ಟವ್ರೆ ಕನವ್ವ," ಅಂದ ಚಿಕ್ಕಮರಿ ಮೇಸ್ತ್ರಿ,
"ಈಗ ಊದ್ಕತದೆ, ಬ್ಯಾಸ್ಗೇಲಿ ಕುಗ್ತದೆ.
ಗ್ವಾಡೆ ಅಂದ್ಮೇಲೆ ಕುಂತ್ಕಬೇಕು.
ಕುಂತ್ಕಳ್ದೆ ಇದ್ದ ಗ್ವಾಡೆ ನಾ ಕಾಣೆ."

ಅಫ್ಸರ್ ಪೈಪು ತಂದ. ನಾಲ್ಕಿಂಚಿನದು, ಬೂದು ಬಣ್ಣ.
ಸೈಜುಗಲ್ಲಿನ ನಡುವೆ ಬಿಗಿಯಾಗಿ ಕೂರಿಸಿ
ಸಿಮೆಂಟು ಮೆತ್ತು ಅಂದರು ಇವರು.
ಭದ್ರವಾಗಿರಲಿ ಎಂಬುದು ಇವರದು ಒಂದೇ ಮಾತು, ಎಲ್ಲದಕ್ಕೂ.
"ಬಿಗಿ ಹಿಡಿದರೆ, ಗೋಡೆ ಕೂತ ದಿನ ಪೈಪು ಮುರೀತದೆ ಸಾರ್.
ಸುತ್ತ ಎರಡು ಬೆರಳು ಸಂದು ಬಿಡಿ.
ಮೇಲೊಂದು ಚಪ್ಪಡಿ ಅಡ್ಡ ಇಡಿ, ಭಾರ ಅದು ಹೊರಲಿ.
ಹೆಗ್ಗಣ ನುಗ್ಗದಂತೆ ತಗಡು, ಅಷ್ಟೆ."

ನಾಲ್ಕನೇ ದಿನ ಹಾರೆ ಠಣ್ ಎಂದಿತು.
ಮಾವನ ಕಾಲದ ಸುಟ್ಟಮಣ್ಣಿನ ಪೈಪು,
ತಾಗಿದಲ್ಲಿ ಅಂಗೈಯಗಲ ಹೋಳು ಎದ್ದಿತ್ತು.
ಒಳಗೆ ನೀರು ಓಡುತ್ತಿತ್ತು.
ನಮ್ಮ ನಲ್ಲಿಗಳೆಲ್ಲ ನಿಂತಿದ್ದವು, ಆದರೂ ಓಡುತ್ತಿತ್ತು.

ಆಚೆಮನೆಯದು.
ಹನ್ನೊಂದು ವರ್ಷದ ಹಿಂದೆ ಪಂಚಾಯ್ತಿದಾರರು
ಹಗ್ಗ ಹಿಡಿದು ಅಳೆದಿದ್ದರು: ಹಜಾರ, ಅಟ್ಟ,
ತೆಂಗು ಎರಡು ಅವರಿಗೆ, ಒಂದು ನಮಗೆ,
ಒರಳುಕಲ್ಲು ಯಾರಿಗೂ ಬೇಡವಾಗಿ ಬೀದಿಗೆ.
ಹಜಾರದ ನಡುವೆ ಗೋಡೆ ಎದ್ದಿತು, ಮಾತು ನಿಂತಿತು.
ಬಚ್ಚಲ ನೀರನ್ನು ಪಾಲು ಮಾಡಲು
ಯಾರಿಗೂ ನೆನಪಾಗಿರಲಿಲ್ಲ.

"ಮುಚ್ಚಿ ಇದನ್ನ," ಅಂದರು ಇವರು, "ಬೇರೆ ದಾರಿ ನೋಡ್ಕೊಳ್ಳಲಿ."
ಮೇಸ್ತ್ರಿ ಬೀಡಿ ಹಚ್ಚಿದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ನಾನು ಟೀ ಲೋಟ ಹಿಡಿದು ಪಾಯದ ಅಂಚಿಗೆ ನಿಂತಿದ್ದೆ.
ಕೆಳಗೆ ಸೋಪಿನ ನೊರೆ ಹೋಯಿತು. ಅಕ್ಕಿ ತೊಳೆದ ನೀರು ಹೋಯಿತು.
ಆಮೇಲೆ
ಹಳದಿ.

ಮೊದಲು ತೆಳ್ಳಗೆ, ಬರಬರುತ್ತ ದಟ್ಟ,
ಒಡೆದ ಪೈಪಿನ ಬಾಯಲ್ಲಿ ಅರಿಶಿನದ ನೀರು.
ಮೇಲೆ ಹರಳೆಣ್ಣೆಯ ಕಣ್ಣುಗಳು,
ಎಲ್ಲಿಂದಲೋ ಒಂದು ಸೇವಂತಿಗೆ ಎಸಳು.

ಬಿಟ್ಟು ಬಿಟ್ಟು ಬಂತು. ಎಣಿಸಿದೆ: ಐದು ಸಲ.
ಐದು ಜನ ಉಯ್ದಿದ್ದಾರೆ.
ಸಿಂಚನ!
ಪಾಲಾದಾಗ ಅವಳಿಗೆ ಒಂದೂವರೆ ವರ್ಷ,
ನನ್ನ ಸೆರಗಿಗೆ ಮೂಗು ಒರೆಸುತ್ತಿದ್ದಳು.
ಜಯಶೀಲ ಐದನೆಯವಳಾಗಿ ಯಾರನ್ನು ಕರೆದಳೋ.

ಇವರೂ ಬಗ್ಗಿ ನೋಡಿದರು.
ಏನೂ ಅನ್ನದೆ ಬೈಕಿನ ಕೀಲಿ ಹುಡುಕತೊಡಗಿದರು.
ಜೇಬಲ್ಲೇ ಇತ್ತು.

"ನೀರು ಹೋಗಲಿ ಅಣ್ಣ, ಆಮೇಲೆ ಕೆಲಸ," ಅಂದೆ.
ಅಷ್ಟರಲ್ಲಾಗಲೇ ಅಫ್ಸರ್ ಮೊಣಕಾಲೂರಿ
ಹೋಳೆದ್ದ ಜಾಗಕ್ಕೆ ಎರಡೂ ಅಂಗೈ ಅಡ್ಡ ಹಿಡಿದಿದ್ದ,
ಮಣ್ಣು ಬೀಳದ ಹಾಗೆ.

ಸಂಜೆ ಎರಡು ಪೈಪು ಕೂತವು, ಅಕ್ಕಪಕ್ಕ, ಒಂದೇ ಚಪ್ಪಡಿಯಡಿ.
ರಸಮಟ್ಟ ಇಟ್ಟು ಇಳಿಜಾರು ತೋರಿಸಿದ.
ಗುಳ್ಳೆ ಒಂಚೂರು ಓರೆ, ಬೇಕಾದಷ್ಟೇ.
ಮೂರು ಸಾವಿರದ ಇನ್ನೂರು ಹೆಚ್ಚು ಬಿತ್ತು.
ಇವರು ಲೆಕ್ಕ ಕೇಳಲಿಲ್ಲ.
ಬೈಕಿನ ಹ್ಯಾಂಡಲಿಗೆ ಚೀಲ ನೇತಾಡುತ್ತಿತ್ತು:
ಒಂದು ಕೇಜಿ ಎಳ್ಳು, ನಾಲ್ಕು ಅಚ್ಚು ಬೆಲ್ಲ.

ರಾತ್ರಿ ಚಿಗಳಿಗೆ ಎಳ್ಳು ಹುರಿದೆ.
ಗಮಲು ಗೋಡೆಯಾಚೆ ಹೋಗಿರಬೇಕು.
ಅಲ್ಲಿ ಪಾತ್ರೆ ತೊಳೆಯುವ ಸದ್ದು
ಒಂದು ಗಳಿಗೆ ನಿಂತು,
ಮತ್ತೆ ಶುರುವಾಯಿತು, ಮೆಲ್ಲಗೆ.