ಲೆಕ್ಕ ಚುಕ್ತಾ

ಬೈತಖೋಲದಲ್ಲಿ ಆಳನ್ನು ಬಿಡಿಸುವುದು ಸುಲಭ.
ಮೇ ಮುಗಿಯಿತೆಂದರೆ ಬೋಟುಗಳೆಲ್ಲ ದಡ ಹಿಡಿಯುತ್ತವೆ,
ಬರ್ಫಿಗೆ ಗಿರಾಕಿಯಿಲ್ಲ,
‘ಆಗಸ್ಟಿಗೆ ಫೋನ್ ಮಾಡ್ತೆ’ ಅಂದರಾಯಿತು.
ಆಮೇಲೆ ಮಾಡದಿದ್ದರಾಯಿತು.
ಎರಡು ತಿಂಗಳ ಮಳೆಯಲ್ಲಿ ಮಾತು ತಾನೇ ಕರಗಿ
ಗಟಾರ ಸೇರುತ್ತದೆ.
ಮೂರು ಬೋಟಿನ ವಿಠೋಬನೂ ಹೇಳಿದ್ದು ಅದನ್ನೇ:
‘ಮುಖ ನೋಡಿ ಹೇಳ್ಬೇಡ, ಶಾಪ ತಾಗ್ತದೆ.’

ಪುರಸು ತಾಂಡೇಲ.
ಹದಿಮೂರು ವರ್ಷ ನನ್ನ ಕಂಪ್ರೆಸರಿನ ಪಕ್ಕ ನಿಂತವನು.
ಗಂಡ ಹೋದ ವರ್ಷ, ಬ್ಯಾಂಕಿನವರು ಬೀಗ ತಂದ ದಿನ,
‘ಮೊದಲು ಇವತ್ತಿನ ಕ್ಯಾನು ತೆಗೀವಾ ಬಾಯಿ,
ಅಳೂದು ಆಮೇಲೆ’ ಎಂದವನು.

ಅವನ ಮೂಗು ಸತ್ತಿದೆ.
ವರ್ಷಗಟ್ಟಲೆ ಅಮೋನಿಯ ಕುಡಿದು ಕುಡಿದು
ಈಗ ಸುರಗಿ ಹೂವೂ ಒಂದೇ, ಒಣಮೀನೂ ಒಂದೇ.
ಫೆಬ್ರವರಿಯಲ್ಲಿ ವಾಲ್ವ್ ಸೋರಿ ನಾವೆಲ್ಲ
ಕಣ್ಣೊರೆಸುತ್ತ ಹೊರಗೋಡಿದರೆ
ಅವನು ಒಳಗೇ ನಿಂತು ಸ್ಪ್ಯಾನರು ಹುಡುಕುತ್ತಿದ್ದ,
ಬೇರೇನೋ ಬಿಗಿಯಲು.
ಏಪ್ರಿಲಿನ ರಾತ್ರಿಪಾಳಿಯಲ್ಲಿ ಗಣಪು
ಉಪ್ಪುನೀರಿನ ಟ್ಯಾಂಕಿನ ಹಲಗೆಯ ಮೇಲೆ ಬಿದ್ದುಬಿಟ್ಟ.
ಹತ್ತೊಂಬತ್ತರ ಹುಡುಗ.
ಎತ್ತಿಕೊಂಡು ಓಡಿದವನು ಪುರಸುವೇ, ಚಪ್ಪಲಿಯಿಲ್ಲದೆ,
‘ಏನಾಯ್ತು ಇವನಿಗೆ’ ಅಂತ
ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತ.

ಬೇರೆ ಕೆಲಸ ಕೊಡಬಹುದಿತ್ತೇ?
ಐದು ಜನರ ಕಾರ್ಖಾನೆ, ಎಲ್ಲಿ ನಿಂತರೂ ಗ್ಯಾಸು.
ಬ್ಲಾಕು ಎಳೆಯಲು ಬೆನ್ನಿಲ್ಲ, ಬಿಲ್ ಬರೆಯಲು ಅಕ್ಷರವಿಲ್ಲ.
ಮೂರು ವಾರ ಈ ಪ್ರಶ್ನೆಯ ಹಿಂದೆ ಅಡಗಿ ಕೂತೆ.

ಸಂಬಳದ ದಿನ ಬೇಡ, ಕೈ ಚಾಚಿ ಬಂದವನಿಗೆ ಹೇಳಬಾರದು.
ಹುಡುಗರ ಮುಂದೆ ಬೇಡ.
ಸೋಮವಾರ ಬೆಳಿಗ್ಗೆ, ಆಫೀಸಿನ ಬಾಗಿಲು ಎಳೆದು,
ಕುರ್ಚಿ ಕೊಟ್ಟು
(ಹದಿಮೂರು ವರ್ಷದಲ್ಲಿ ಅದರಲ್ಲಿ ಅವನು ಕೂತದ್ದು ಅವತ್ತೇ)
ಚಾ ಬರುವ ಮೊದಲೇ ಹೇಳಿದೆ.
ಕೈಯಲ್ಲಿ ಬಿಸಿ ಲೋಟ ಇದ್ದವನು ಎದ್ದು ಹೋಗಲಾರ.

‘ಈ ತಿಂಗಳಿಗೆ ನಿನ್ನ ಕೆಲಸ ಮುಗೀತದೆ, ಪುರಸು.
ಆಗಸ್ಟಿಗೆ ಕರೆಯೂದಿಲ್ಲ.
ತಪ್ಪು ನಿಂದಲ್ಲ.’
ಕೊನೇ ಮಾತು ಆಡಬೇಡಿ ಅಂದಿದ್ದರು ಲೆಕ್ಕದ ಸಾವಂತರು,
ನಾಳೆ ಕೋರ್ಟಿನಲ್ಲಿ ಅದೇ ಸಾಕ್ಷಿಯಾಗ್ತದೆಂದು.
ಆಗಲಿ.

ಅವನು ಒಮ್ಮೆ ಮಾತ್ರ ಕೇಳಿದ,
‘ಮಾಸ್ಕ್ ಹಾಕ್ಕಂಡ್ರೆ ಆಗೂದಿಲ್ವಾ?’
‘ಇಲ್ಲ.’
ಎರಡನೇ ಸಲ ಕೇಳಿದ್ದರೆ ಹೌದು ಅಂದುಬಿಡುತ್ತಿದ್ದೆ.

ಕಾಗದ ಓದಿ ಹೇಳಿದೆ:
ದಿನಕ್ಕೆ ಆರುನೂರು, ವರ್ಷಕ್ಕೆ ಹದಿನೈದು ದಿನ, ವರ್ಷ ಹದಿಮೂರು,
ಗ್ರಾಚ್ಯುಟಿ ಒಂದು ಲಕ್ಷ ಹದಿನೇಳು ಸಾವಿರ.
ನೋಟಿಸಿನ ತಿಂಗಳು ಹದಿನೈದು ಸಾವಿರದ ಆರುನೂರು.
ತಗೊಳ್ಳದ ರಜೆ ಇಪ್ಪತ್ತೊಂದು ದಿನ.
ಮೂಗಿನ ಸಾಲು ಇರಲಿಲ್ಲ.
ಅದರ ದರ ಯಾರನ್ನು ಕೇಳಬೇಕೋ ಗೊತ್ತಿಲ್ಲ,
ನಾನು ಕೇಳಲೂ ಇಲ್ಲ.

ಬೆರಳು ಮಡಚಿ ಕೂಡಿಸುತ್ತಿದ್ದವನು ತಲೆಯೆತ್ತಿದ.
‘ಮಗಳ ಮದ್ವೆಗೆ ತಗೊಂಡ ಎಂಟು ಸಾವಿರ ಕಳೀಲಿಲ್ಲ.’
‘ಬಿಡು.’
‘ಕಳೀರಿ, ಬಾಯಿ.’
ಅವನ ಎದುರಿಗೇ ಅಂಕಿ ಹೊಡೆದು ಹಾಕಿ ಬೇರೆ ಬರೆದೆ.
ಕೈ ನಡುಗಿ ಏಳು ಒಂದರ ಹಾಗೆ ಬಂತು,
ತಿದ್ದಿದೆ.

ಉಳಿದ ದಿನಗಳಲ್ಲಿ ಗಣಪುವಿಗೆ ಕಲಿಸಿದ,
ಗಂಧಕದ ಬತ್ತಿ ಹಚ್ಚಿ ಪೈಪಿನ ಗುಂಟ ಒಯ್ಯುವುದು,
ಸೋರುವಲ್ಲಿ ಬಿಳಿ ಹೊಗೆ ಏಳುವುದು.
‘ಮೂಗು ನಂಬಬೇಡ್ವೋ. ಮೂಗು ಮನುಷ್ಯಂದು.’

ಆಗಸ್ಟ್ ಎರಡಕ್ಕೆ ಬಂದ,
ಸೈಕಲ್ಲಿನ ಹಿಂದೆ ಥರ್ಮಕೋಲಿನ ಪೆಟ್ಟಿಗೆ.
ಹೆಂಡತಿ ಕೋಡಿಬಾಗದಲ್ಲಿ ಮೀನಿಗೆ ಕೂರುತ್ತಾಳಂತೆ.
ಅರ್ಧ ಬ್ಲಾಕು ಪುಡಿ ಮಾಡಿಸಿದ.
ದುಡ್ಡು ತಗೊಳ್ಳೂದಾ ಎಂದು ಗಣಪು ನನ್ನ ಮುಖ ನೋಡಿದ.
ಪುರಸು ಆಗಲೇ ನೋಟು ಮೇಜಿನ ಮೇಲಿಟ್ಟು,
ಫ್ಯಾನಿಗೆ ಹಾರದಂತೆ ಸ್ಟೇಪ್ಲರು ಹೇರಿದ್ದ.
ಬಿಲ್ ಬರೆದು ಹರಿದು ಕೊಟ್ಟೆ.
ಹೆಸರಿನ ಮುಂದೆ, ಎಲ್ಲ ಗಿರಾಕಿಗಳಿಗೂ ಬರೆಯುವ ಹಾಗೆ,
ಶ್ರೀ.